ಸುನಂದಾ ಹೆಸರಿನ ತಾಟುಗಳು

ಲಗ್ನದ ಮಾತು ಮುಗಿದ ದಿನ ಚನ್ನವ್ವ ಮಸೂತಿ ಎಂಬ ಊರಿನ ಬೀಗರ ಪಡಸಾಲೆಯಲ್ಲಿ ಕೂತು, ದೊಡ್ಡ ಮನಸ್ಸು ಮಾಡಿ ಒಂದು ಮಾತು ಹೇಳಿದ್ದಳು.

“ಭಾಂಡೆ ಗೀಂಡೆ ಏನೂ ಕೊಡಬ್ಯಾಡ್ರಿ. ನಮ್ಮ ಮನಿ ತುಂಬ ಭಾಂಡೆ ಅದಾವು. ಹುಡುಗಿ ಉಟ್ಟ ಸೀರಿ ಮ್ಯಾಲ ಬಂದ್ರ ಸಾಕು.”

ವಿಜಯಲಕ್ಷ್ಮಿಯ ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಮಗಳಿಗೆ ಮೂವತ್ತೊಂದು ದಾಟಿತ್ತು. ಎರಡನೆಯ ಸಂಬಂಧವೇ ಆಗಲಿ, ಇಂಥ ಬೀಗತಿ ಯಾರಿಗೆ ಸಿಗುತ್ತಾಳೆ ಎಂದು ಅವನು ಓಣಿ ತುಂಬ ಹೇಳಿಕೊಂಡು ತಿರುಗಿದ.

ಚನ್ನವ್ವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಸವನ ಬಾಗೇವಾಡಿಯ ಆ ಮನೆಯ ಅಡುಗೆಕೋಣೆಯ ಎರಡು ಗೋಡೆಗಳಿಗೆ ನೆಲದಿಂದ ಜಂತಿಯ ತನಕ ಸ್ಟೀಲಿನ ಭಾಂಡೆ ಜೋಡಿಸಿಟ್ಟಿದ್ದವು. ಬಂದ ಮರುದಿನ ಮುಸುರೆ ತಿಕ್ಕಲು ಕೂತ ವಿಜಯಲಕ್ಷ್ಮಿಯ ಬೆರಳಿಗೆ ತಾಟಿನ ಅಂಚಿನಲ್ಲಿ ಏನೋ ಒರಟಾಗಿ ತಾಗಿತು. ತೊಳೆದು ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಸೌ. ಸುನಂದಾ ಸಂ. ಬಿರಾದಾರ. ಇನ್ನೊಂದು ತಾಟು ತೆಗೆದಳು. ಅದರಲ್ಲೂ ಸುನಂದಾ. ತಂಬಿಗೆಯ ಕೊರಳಿಗೆ, ಬೋಗುಣಿಯ ಹೊಟ್ಟೆಗೆ, ಹಿಟ್ಟು ನಾದುವ ಪರಾತದ ಬದಿಗೆ, ಎಲ್ಲ ಕಡೆ ಸುನಂದಾ. ಚಮಚದ ಹಿಡಿಕೆಯಲ್ಲಿ ಜಾಗ ಸಾಲದೆ ಸು.ಸಂ.ಬಿ. ಎಂದಷ್ಟೇ ಕೊರೆದಿತ್ತು.

ಸುನಂದಾ ಎಂದರೆ ವಿಜಯಲಕ್ಷ್ಮಿಯ ಗಂಡ ಸಂಜೀವಕುಮಾರನ ಮೊದಲ ಹೆಂಡತಿ. ನಾಲತವಾಡದವಳು. ಕಾಮಾಲೆಯಾಗಿ, ಆರು ವರ್ಷದ ಮಗಳು ನೀಲಾಳನ್ನು ಬಿಟ್ಟು ತೀರಿಕೊಂಡಿದ್ದಳು. ಅವಳ ಅಪ್ಪ ಮದುವೆಯಲ್ಲಿ ಒಂದು ಟ್ರ್ಯಾಕ್ಟರ್ ಭಾಂಡೆ ಕಳಿಸಿದ್ದ. ಅವೆಲ್ಲ ಮುಂದೆ ನೀಲಾಳ ಮದುವೆಗೆ ಹೋಗಬೇಕು, ಒಂದೂ ಕಳೆಯಬಾರದು ಎಂದು ಸತ್ತ ಸೊಸೆಯ ತಾಯಿಗೆ ಚನ್ನವ್ವ ಮಾತು ಕೊಟ್ಟಿದ್ದಳು. ಮಾತು ಕೊಟ್ಟವಳು ಚನ್ನವ್ವ. ತಿಕ್ಕಿ, ಒರೆಸಿ, ಕಾಯುವ ಕೆಲಸ ವಿಜಯಲಕ್ಷ್ಮಿಗೆ ಬಂತು.

ಒಮ್ಮೆ ಒಂದು ಚಮಚ ಕಾಣದಾಯಿತು. ಇಡೀ ಮಧ್ಯಾಹ್ನ ವಿಜಯಲಕ್ಷ್ಮಿ ಹಿತ್ತಲಲ್ಲಿ ಎಮ್ಮೆಯ ಗೋದಲಿ ಕೆದಕಿದಳು, ತಿಪ್ಪೆ ಕೆದಕಿದಳು. ಸಗಣಿ ಮೆತ್ತಿದ ಚಮಚ ಸಿಕ್ಕಾಗ ಚನ್ನವ್ವ ಬಾಗಿಲಲ್ಲೇ ನಿಂತಿದ್ದಳು.

“ಜ್ವಾಕಿ ಇರವಾ. ತಾಯಿ ಇಲ್ಲದ ಕೂಸಿನ ಆಸ್ತಿ ಅದು.”

“ಹೌದ್ರಿ ಅತ್ತಿ,” ಎಂದಳು ವಿಜಯಲಕ್ಷ್ಮಿ.

ಅವತ್ತು ಸಂಜೆ ಗಂಡನಿಗೆ ಊಟ ಬಡಿಸುವಾಗ ಕೇಳಿದಳು, “ಕೇಳ್ರಿಲ್ಲೆ. ನನಗೊಂದು ತಾಟು ತಂದ್ರ ಏನಾಗತೈತಿ? ಸಾದಾದು. ಹೆಸರಿಲ್ಲದ್ದು.”

ಸಂಜೀವಕುಮಾರನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಪೈಪು, ಪಂಪಿನ ಅಂಗಡಿ. ಕೆಟ್ಟವನಲ್ಲ, ಬಡಿಯುವವನಲ್ಲ, ಕುಡಿಯುವವನಲ್ಲ. ಯಾವ ಮಾತಿಗೂ ಪೂರ್ತಿ ಉತ್ತರ ಕೊಡುವವನೂ ಅಲ್ಲ.

“ತಾಟಿಂದೇನು? ಉಣ್ಣೂದು ರೊಟ್ಟಿ, ಹೆಸರಲ್ಲ,” ಎಂದ. ತುಸು ಹೊತ್ತಿನ ಮೇಲೆ, “ನೋಡೂಣು,” ಎಂದ. ಅಲ್ಲಿಗೆ ಅದು ಮುಗಿಯಿತು.

ಹೀಗೆ ಒಂದೂವರೆ ವರ್ಷ ಹೋಯಿತು. ನೀಲಾಳಿಗೆ ಹನ್ನೊಂದು ತುಂಬಿತು. ಅವಳು ಮಲತಾಯಿಗೆ ಎದುರಾಡುತ್ತಿರಲಿಲ್ಲ, ಹತ್ತಿರವೂ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಮೊದಲು ತಾಟಿನ ಹೆಸರು ತನ್ನ ಕಡೆ ಬರುವಂತೆ ತಿರುಗಿಸಿಕೊಳ್ಳುತ್ತಿದ್ದಳು. ಆಮೇಲೆ ಉಣ್ಣುತ್ತಿದ್ದಳು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಸಂಜೀವಕುಮಾರನ ತಮ್ಮ ಅನಿಲನಿಗೆ ಸಿಂದಗಿಯಿಂದ ಒಂದು ಸಂಬಂಧ ಬಂತು. ತಂದವನು ಬಸವಂತರಾಯ, ಚನ್ನವ್ವನ ದೂರದ ಅಣ್ಣ. ಅನಿಲನಿಗೆ ಮೂವತ್ತಮೂರು. ಹಿಂದೆ ಎರಡು ಸಂಬಂಧ ಕೈಗೆ ಬಂದು ಜಾರಿದ್ದವು. ‘ಹಿರೀ ಸೊಸಿ ಎಳೀ ವಯಸ್ಸಿನ್ಯಾಗ ಸತ್ತ ಮನಿ’ ಎಂದು ಆ ಮಂದಿ ಹಿಂದೆ ಸರಿದರೆಂದು ಚನ್ನವ್ವ ತಿಳಿದಿದ್ದಳು. ಈ ಸಲ ಹುಡುಗಿಯನ್ನು ನೋಡಿ ಬಂದಾಗಿತ್ತು, ಅನಿಲ ಒಪ್ಪಿದ್ದ. ಇನ್ನು ಅವರು ಮನೆ ನೋಡಲು ಬರಬೇಕು.

ಒಂದು ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಚನ್ನವ್ವ ಹೇಳಿದಳು, “ಒಂದು ಡಜನ್ ಪಿಂಗಾಣಿ ತಾಟು, ಬಟ್ಟಲಾ, ಕಪ್ಪು-ಬಸಿ ತರ್ರಿ. ಮುಂದಿನ ಐತ್ವಾರ ಸಿಂದಗಿಯವರು ಬರ್ತಾರ.”

“ಯವ್ವಾ, ನಮ್ಮ ಮನ್ಯಾಗ ತಾಟಿಗೇನು ಬರ ಬಂದೈತಿ?” ಸಂಜೀವಕುಮಾರ ನಕ್ಕ.

“ಬುದ್ಧಿ ಐತೇನೋ ನಿನಗ? ಹೆಣ್ಣು ಕೊಡಾಕ ಬಂದವರ ಮುಂದ ಸತ್ತಾಕಿ ಹೆಸರಿನ ತಾಟು ಇಡಾಕ ಬರತೈತೇನು? ಅಪಶಕುನ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

“ಅವರ ಮುಂದ ಇಡಾಕ ಬರೂದಿಲ್ಲ,” ಎಂದಳು ವಿಜಯಲಕ್ಷ್ಮಿ. “ಒಂದೂವರಿ ವರ್ಷದಿಂದ ನನ್ನ ಮುಂದ ಇಡಾಕತ್ತೀರಲ್ರಿ ಅತ್ತಿ?”

ಅನಿಲ ಅವಲಕ್ಕಿಯಲ್ಲಿ ಚಮಚ ಆಡಿಸಿದ. ಚನ್ನವ್ವ ಸಾವರಿಸಿಕೊಂಡು ಹೇಳಿದಳು, “ನೀ ಮನಿಯಾಕಿ. ಅವರು ಮಂದಿ.”

“ಮನಿಯಾಕಿಗೆ ಅಪಶಕುನ ತಟ್ಟೂದಿಲ್ಲೇನ್ರಿ?”

“ಹಂಚಿನ್ಯಾಗ ರೊಟ್ಟಿ ಸೀಯಾಕತ್ತೈತಿ ನೋಡು ಮೊದಲ.”

ರೊಟ್ಟಿ ನಿಜವಾಗಿಯೂ ಸೀದಿತ್ತು. ಅದನ್ನು ತನ್ನ ಪಾಲಿಗೆ ತೆಗೆದಿಟ್ಟು ವಿಜಯಲಕ್ಷ್ಮಿ ಇನ್ನೊಂದು ಬಡಿದಳು. ಕೈ ತೊಳೆಯಲು ಬಂದ ಅನಿಲ ಅತ್ತಿಗೆಗೆ ಮೆಲ್ಲಗೆ ಹೇಳಿದ, “ವೈನಿ, ಬಿಜಾಪುರಕ್ಕ ಹೋಗೂಣಂತ, ನೀವಽ ಆರಸ್ರಿ. ನಿಮಗ ಛೊಲೋ ತಿಳೀತೈತಿ.”

ಆ ಮಾತಿಗೆ ಅವಳಿಗೆ ಎರಡು ದಿನ ಖುಷಿಯಾಗಿತ್ತು. ಈ ಮನೆಗೆ ಬಂದ ಮೇಲೆ ಅವಳು ಆರಿಸಿ ತಂದದ್ದು ಎಂದರೆ ಕಾಯಿಪಲ್ಯ ಅಷ್ಟೇ.

ಶನಿವಾರ ಅನಿಲ, ವಿಜಯಲಕ್ಷ್ಮಿ ಹೊರಟಾಗ ನೀಲಾ ತಾನೂ ಬರುತ್ತೇನೆಂದು ಹಟ ಮಾಡಿ ಬಸ್ ಹತ್ತಿದಳು. ವಿಜಯಪುರದ ಬಜಾರಿನಲ್ಲಿ ಇಜಾಜ ಎಂಬುವನ ಕ್ರಾಕರಿ ಅಂಗಡಿ. ಬಾಗಿಲಿನಿಂದ ಹಿಂದಿನ ಗೋಡೆಯ ತನಕ ಹುಲ್ಲಿನಲ್ಲಿ ಸುತ್ತಿಟ್ಟ ತಾಟುಗಳು. ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಹಾದಿ. ಇಜಾಜ ಒಂದು ತೆಳ್ಳನೆಯ ತಾಟು ತೆಗೆದು ಟ್ಯೂಬಲೈಟಿಗೆ ಹಿಡಿದ. ಹಿಂದೆ ಇದ್ದ ಅವನ ನಾಲ್ಕು ಬೆರಳು ನೆರಳಾಗಿ ಕಂಡವು. ವಿಜಯಲಕ್ಷ್ಮಿ ಕೈ ಚಾಚಿದಳು.

“ನೋಡ್ರಿ, ಆದ್ರ ಇದು ನಿಮಗ ಬ್ಯಾಡ್ರಿ ಅಕ್ಕಾರ,” ಎಂದ ಇಜಾಜ. “ಬೋನ್ ಚೈನಾ ಅಂತಾರ ಇದಕ್ಕ. ಎಲುಬಿನ ಬೂದಿ ಕೂಡಿಸಿ ಮಾಡಿರ್ತಾರ. ನೀವು ಲಿಂಗಾ ಕಟ್ಟಿದವರು. ನಾಳೆ ಯಾರರ ಹೇಳಿದ್ರ ನನಗ ಬೈತೀರಿ.”

ಅವಳು ಕೈ ಹಿಂದೆ ತೆಗೆದುಕೊಂಡಳು. ಅವನು ಬೇರೆ ತಾಟು ತೆಗೆದು ಬೆರಳಗಂಟಿನಿಂದ ಬಡಿದ. ಅದು ಗಂಟೆಯ ಹಾಗೆ ಟಣ್ ಎಂದಿತು. ಮತ್ತೊಂದನ್ನು ಬಡಿದ. ಅದು ಬದ್ ಎಂದಿತು.

“ಕೇಳಿದ್ರೆಲ್ಲ? ಇದರಾಗ ಕಣ್ಣಿಗೆ ಕಾಣದ ಸೀಳು ಐತಿ. ಬಿಸಿ ಸಾರು ಹಾಕಿದ್ರ ಒಂದಿನ ಕೈಯಾಗಽ ಎರಡು ಹೋಳಾಗತೈತಿ. ತಗೊಳ್ಳೋವಾಗ ಕಣ್ಣಿಲೆ ನೋಡಬಾರದು, ಕಿವೀಲೆ ನೋಡಬೇಕು.”

ವಿಜಯಲಕ್ಷ್ಮಿ ಒಂದೊಂದಾಗಿ ಬಡಿದು ನೋಡಿದಳು. ಕೊನೆಗೆ ಅಚ್ಚ ಬಿಳಿಯ, ಅಂಚಿಗೆ ಕೂದಲೆಳೆಯಷ್ಟು ನೀಲಿ ಗೆರೆ ಇದ್ದ ತಾಟು ಹಿಡಿದು ನಿಂತಳು.

“ಇದರ ಮ್ಯಾಲ ಹೆಸರು ಹಾಕಿ ಕೊಡ್ತೀರೇನ್ರಿ?”

ಇಜಾಜ ನಕ್ಕ. “ಪಿಂಗಾಣಿ ಮ್ಯಾಲ ಯಾರ ಹೆಸರೂ ಕೂಡೂದಿಲ್ರಿ ಅಕ್ಕಾರ. ಆ ಮಿಷನ್ ಹಚ್ಚಿದ್ರ ಒಡದಽ ಹೋಗತೈತಿ.”

“ಇವಽ ಕೊಡ್ರಿ ಹಂಗಾರ,” ಎಂದಳು.

ಅಷ್ಟರಲ್ಲಿ ಹಿಂದಿನಿಂದ ನೀಲಾ ಹೇಳಿದಳು, “ನಮ್ಮವ್ವ ಆಗಿದ್ರ ಗುಲಾಬಿ ಹೂವಿನವು ತಗೋತಿದ್ಲು.”

ಅವಳ ಕೈಯಲ್ಲಿ ದೊಡ್ಡ ದೊಡ್ಡ ಗುಲಾಬಿಯ ತಾಟು ಇತ್ತು. ಅನಿಲ ಅಣ್ಣನ ಮಗಳ ಮುಖ ನೋಡಿದ, ವೈನಿಯ ಮುಖ ನೋಡಿದ, ತಲೆ ಕೆರೆದುಕೊಂಡ. “ಗುಲಾಬಿನೂ ಛೊಲೋನಽ ಅದಾವ್ರಿ ವೈನಿ. ಬಂದವರಿಗೆ ಎದ್ದು ಕಾಣ್ತಾವು. ಇರಲಿ, ಹುಡುಗಿ ಮನಸಿಗೆ…”

ಗುಲಾಬಿಯ ಡಜನ್ ಕಟ್ಟಿಸಿದ್ದಾಯಿತು. ವಿಜಯಲಕ್ಷ್ಮಿ ನೀಲಿ ಗೆರೆಯ ತಾಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಸಣ್ಣ ಚೀಲದಲ್ಲಿ ಕುಬುಸ ಹೊಲಿದ ದುಡ್ಡಿತ್ತು. ಅದೊಂದನ್ನೇ ಬೇರೆ ಕಾಗದದಲ್ಲಿ ಸುತ್ತಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಮನೆಯಲ್ಲಿ ಅದನ್ನು ಹೊಲಿಗೆ ಮಿಷನ್ನಿನ ಹಿಂದೆ, ಬಟ್ಟೆಯ ಗಂಟಿನ ನಡುವೆ ಇಟ್ಟಳು. ಮಧ್ಯಾಹ್ನ ಗಂಡ, ಮೈದುನ ಉಂಡು ಅಂಗಡಿಗೆ ಹೋದ ಮೇಲೆ, ಅತ್ತೆ ಪಡಸಾಲೆಯಲ್ಲಿ ಅಡ್ಡಾದ ಮೇಲೆ, ತಾಟು ತೆಗೆದು ಅಡುಗೆಕೋಣೆಯ ಮೂಲೆಯಲ್ಲಿ ಕೂರುತ್ತಿದ್ದಳು. ಬಿಳಿಯ ಮೇಲೆ ಪುಂಡಿಪಲ್ಯೆಯ ಹಸಿರು, ಕೆಂಪು ಹಿಂಡಿಯ ಒಂದು ಗುಡ್ಡೆ, ಅರ್ಧ ಮಡಿಚಿದ ರೊಟ್ಟಿ. ದಿನಾ ಮಾಡುವ ಅಡುಗೆಗೆ ಇಷ್ಟು ಬಣ್ಣ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಉಂಡು, ಸಪ್ಪಳವಾಗದಂತೆ ತೊಳೆದು, ಮತ್ತೆ ಗಂಟಿನಲ್ಲಿ ಇಡುತ್ತಿದ್ದಳು.

ಒಂದು ದಿನ ಶಾಲೆ ಬೇಗ ಬಿಟ್ಟು ನೀಲಾ ಒಳಗೆ ಬಂದಳು.

“ಇದು ನಮ್ಮವ್ವನ ಪೈಕಿ ಅಲ್ಲ,” ಎಂದಳು ತಾಟು ನೋಡಿ.

“ಅಲ್ಲ. ನಂದು.”

“ಆಯಿಗೆ ಹೇಳಲೇನು?”

“ಹೇಳು.”

ನೀಲಾ ಪಾಟೀಚೀಲ ಇಟ್ಟು ತನ್ನ ತಾಟು ತೆಗೆದುಕೊಂಡು ಬಂದಳು. ಅಜ್ಜಿಗೆ ಹೇಳಲಿಲ್ಲ.

ಪೇಟೆಗೆ ಹೋಗಿ ಬಂದ ಎಂಟು ದಿನಕ್ಕೆ, ರವಿವಾರ, ಸಿಂದಗಿಯವರು ಬಂದರು. ಹುಡುಗಿಯ ತಾಯಿ, ಸೋದರಮಾವ, ಸೋದರತ್ತೆ ರೇವವ್ವ, ಇನ್ನಿಬ್ಬರು. ಬಸವಂತರಾಯ ಮುಂದೆ ನಿಂತು ಕರೆತಂದ. ಚನ್ನವ್ವ ಹೋಳಿಗೆ ಮಾಡಿಸಿದ್ದಳು. ಗುಲಾಬಿಯ ತಾಟಿನಲ್ಲಿ ಹೋಳಿಗೆ, ಬಟ್ಟಲಲ್ಲಿ ಕಟ್ಟಿನ ಸಾರು, ಬಸಿಯಲ್ಲಿ ತುಪ್ಪ ಹೋದವು. ಸೋದರಮಾವ ತಾಟು ತಿರುಗಿಸಿ ನೋಡಿ “ಛೊಲೋ ಅದಾವ್ರಿ” ಎಂದಾಗ ಚನ್ನವ್ವನ ಮುಖ ಅರಳಿತು. “ನಮ್ಮ ಸೊಸೀನಽ ಆರಿಸ್ಯಾಳ್ರಿ,” ಎಂದಳು.

ಊಟವಾದ ಮೇಲೆ ರೇವವ್ವ ಕೈ ತೊಳೆಯುವ ನೆಪದಲ್ಲಿ ಅಡುಗೆಕೋಣೆಗೆ ಬಂದಳು. ಐವತ್ತರ ಹೆಂಗಸು, ಹಣೆ ತುಂಬ ವಿಭೂತಿ. ನೆಲುವು ನೋಡಿದಳು, ಒಲೆ ನೋಡಿದಳು, ಗೋಡೆಯ ಭಾಂಡೆ ನೋಡಿದಳು. ಒಂದು ತಾಟು ಇಳಿಸಿ ಅಂಚಿನ ಮೇಲೆ ಬೆರಳಾಡಿಸಿದಳು.

“ಸುನಂದಾ,” ಎಂದು ಓದಿದಳು. ವಿಜಯಲಕ್ಷ್ಮಿಯ ಕಡೆ ತಿರುಗಿದಳು. “ಸುನಂದಾ ಅಂದ್ರ ನೀವಽ ಏನ್ರಿ?”

ವಿಜಯಲಕ್ಷ್ಮಿ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಚನ್ನವ್ವನ ದನಿ ಬಂತು.

“ಹೌದ್ರಿ. ನಮ್ಮ ಹಿರೀ ಸೊಸಿ. ಸುನಂದಾ.”

“ಮತ್ತ ಈ ಕೂಸು?”

“ಅಕೀದಽ ಮಗಳು. ನೀಲಾ.”

ನೀಲಾ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಂಬಿಗೆ ಅಲುಗಿ ಅವಳ ಕಾಲ ಮೇಲೆ ನೀರು ಚೆಲ್ಲಿತು. ರೇವವ್ವ ಮೂವರ ಮುಖವನ್ನೂ ನೋಡಿದಳು. “ಆತು ಬಿಡ್ರಿ,” ಎಂದಳು. ಹೋಗುವ ಮುಂಚೆ ಫೋನು ತೆಗೆದು, “ನಿಮ್ಮ ನಂಬರ್ ಹೇಳ್ರಿ. ಸುನಂದಾ ಬಾಗೇವಾಡಿ ಅಂತ ಹಾಕ್ಕೊಂತೇನಿ,” ಎಂದಳು. ವಿಜಯಲಕ್ಷ್ಮಿ ನಂಬರ್ ಹೇಳಿದಳು. ಹೇಳದೆ ಇರುವುದು ಹೇಗೆ ಎಂದು ಅವಳಿಗೆ ಆ ಕ್ಷಣ ತೋಚಲಿಲ್ಲ.

ಕಾರು ಓಣಿ ತಿರುಗಿದ ಕೂಡಲೇ ನೀಲಾ ಅಜ್ಜಿಯ ಮೇಲೆ ಏರಿ ಹೋದಳು.

“ಈಕಿ ನಮ್ಮವ್ವ ಅಲ್ಲ! ನಮ್ಮವ್ವನ ಹೆಸರು ಈಕಿಗೆ ಯಾಕ ಕೊಟ್ಟಿ?”

“ಸುಮ್ನಿರು. ಕಾಕಾನ ಲಗ್ನ ಆಗೂತನಕ ಅಷ್ಟಽ.”

“ಅತ್ತಿ, ನನ್ನ ಒಂದು ಮಾತು ಕೇಳಬೇಕಿತ್ರಿ,” ಎಂದಳು ವಿಜಯಲಕ್ಷ್ಮಿ.

“ಕೇಳಾಕ ಪುರಸೊತ್ತು ಎಲ್ಲಿತ್ತು? ಬಾಯಿಗೆ ಬಂತು, ಅಂದೆ. ಮದಲಽ ಎರಡು ಸಂಬಂಧ ತಪ್ಪ್ಯಾವು. ಹೆಸರೇನು ಮೈಗೆ ಹತ್ತತೈತೇನು? ಅರಿಷಿಣ ಬೀಳೂತನಕ ಓ ಅಂದ್ರ ನಿನ್ನ ಗಂಟೇನು ಹೋಗತೈತಿ?”

ವಿಜಯಲಕ್ಷ್ಮಿ ಗಂಡನನ್ನು ನೋಡಿದಳು. ಅವನು ಅಂಗಡಿಯ ಕೀಲಿ ಹುಡುಕುತ್ತಿದ್ದ. ಅನಿಲನನ್ನು ನೋಡಿದಳು.

“ವೈನಿ, ಲಗ್ನಾದ ಮ್ಯಾಲ ನಾನಽ ಹೇಳ್ತೇನ್ರಿ,” ಎಂದ ಅನಿಲ. “ಅಲ್ಲೀತನಕ ನಡಸ್ಕೊಡ್ರಿ.” ಅವನ ದನಿ ಅಳುವವನ ದನಿಯಂತಿತ್ತು.

ಅವತ್ತಿನಿಂದ ಎರಡು ಮೂರು ದಿನಕ್ಕೊಮ್ಮೆ ಫೋನು ಬರತೊಡಗಿತು.

“ಸುನಂದಾ, ಊಟಾತೇನ್ರಿ?”

“ಆತ್ರಿ.”

“ಏನ ಮಾಡಿದ್ರಿ ಇವತ್ತ, ಸುನಂದಾ?”

“ಜುಣಕಾ ಮಾಡಿದ್ದೆ ನೋಡ್ರಿ.”

ಚನ್ನವ್ವ ಪಕ್ಕದಲ್ಲೇ ಕೂತು ಕಿವಿಗೊಡುತ್ತಿದ್ದಳು. ಫೋನಿಟ್ಟ ಮೇಲೆ ‘ಶಾಣ್ಯಾಕಿ’ ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವಳು ಸೊಸೆಗೆ ಒಂದು ಕೆಲಸ ಕಡಿಮೆ ಹೇಳಿದಳು, ಒಂದು ಸೀರೆಯನ್ನೂ ತೆಗೆದುಕೊಟ್ಟಳು. ನೀಲಾ ಮಾತ್ರ ಫೋನು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮಲತಾಯಿ ಬಡಿಸಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಇಡುತ್ತಿದ್ದಳು. ತಾನೇ ಎದ್ದು ಬಡಿಸಿಕೊಳ್ಳುತ್ತಿದ್ದಳು.

ಎರಡನೆಯ ವಾರ ಸಂಜೀವಕುಮಾರ ಮಧ್ಯಾಹ್ನ ಗೋಣಿಚೀಲ ಹಿಡಿದು ಬಂದ. ಗೋಡೆಯ ತಾಟುಗಳನ್ನು ಇಳಿಸಿ ಇಳಿಸಿ ಚೀಲಕ್ಕೆ ತುಂಬತೊಡಗಿದ.

“ಎಲ್ಲಿಗೆ ಒಯ್ಯಾಕತ್ತೀರಿ?” ವಿಜಯಲಕ್ಷ್ಮಿ ಕೇಳಿದಳು.

“ಪಾಲಿಶ್ ಅಂಗಡ್ಯಾಗ ಚಕ್ರಕ್ಕ ಹಿಡದ್ರ ಹೆಸರು ಹೋಗ್ತಾವಂತ. ಅಳಸ್ಕೊಂಡು, ವಿಜಯಲಕ್ಷ್ಮಿ ಅಂತ ಹಾಕಿಸ್ಕೊಂಡು ಬರ್ತೇನಿ. ನಿನ್ನ ಜೀವಕ್ಕೂ ಸಮಾಧಾನ, ನಾಳೆ ಯಾರೂ ಕೇಳೂದೂ ಬ್ಯಾಡ.”

ಒಂದೂವರೆ ವರ್ಷದಲ್ಲಿ ಅವನು ಹೆಂಡತಿಗಾಗಿ ತಾನಾಗಿಯೇ ಎದ್ದು ಮಾಡಿದ ಕೆಲಸ ಅದೊಂದೇ ಇರಬೇಕು. ಅಷ್ಟರಲ್ಲಿ ನೀಲಾ ಓಡಿ ಬಂದು ಚೀಲದ ಮೇಲೆ ಮಲಗಿದಳು. ಕೂಗಲಿಲ್ಲ. ಎರಡೂ ಕೈಯಿಂದ ಗೋಣಿ ತಬ್ಬಿಕೊಂಡು ಕಣ್ಣು ಮುಚ್ಚಿದಳು.

“ಏಳು ನೀಲಾ. ತಾಟು ಎಲ್ಲೂ ಹೋಗೂದಿಲ್ಲ, ಹೆಸರಷ್ಟಽ,” ಎಂದ ಅಪ್ಪ.

“ಇಳಸ್ರಿ,” ಎಂದಳು ವಿಜಯಲಕ್ಷ್ಮಿ.

“ನಿನಗಾಗೇ ಒಯ್ಯಾಕತ್ತೇನಿ.”

“ನನಗಾಗಿ ಅಂದ್ರ ಬ್ಯಾಡ. ನನಗೊಂದು ತಾಟು ಬೇಕಿತ್ತು, ಕೇಳಿದ್ದೆ. ಈ ಕೂಸಿನ ಅವ್ವನ್ನ ಅಳಸ್ರಿ ಅಂತ ಎಂದರ ಕೇಳೇನೇನು?”

“ಹಂಗಾರ ನಾ ಏನು ಮಾಡಬೇಕು?” ಅವನಿಗೆ ಸಿಟ್ಟು ಬಂತು. “ಹೆಸರು ಇದ್ರೂ ತಪ್ಪು, ಇರದಿದ್ರೂ ತಪ್ಪು!” ಚೀಲ ಅಲ್ಲೇ ಬಿಟ್ಟು ಹೋದ. ತಾಟುಗಳನ್ನು ಮತ್ತೆ ಗೋಡೆಗೆ ಏರಿಸುವಾಗ ನೀಲಾ ಒಂದೊಂದಾಗಿ ತೆಗೆದು ಮಲತಾಯಿಯ ಕೈಗೆ ಕೊಟ್ಟಳು.

ನಿಶ್ಚಿತಾರ್ಥಕ್ಕೆ ಎಂಟು ದಿನ ಇತ್ತು. ಅತ್ತೆ, ಸೊಸೆ ಪಡಸಾಲೆಯಲ್ಲಿ ಕಡಲೆಬೇಳೆ ಆರಿಸುತ್ತಿದ್ದರು. ಫೋನು ಬಂತು. ರೇವವ್ವನ ಹಿಂದೆ ಬಜಾರಿನ ಗದ್ದಲ ಕೇಳುತ್ತಿತ್ತು.

“ಸುನಂದಾ, ನಾ ಅಕ್ಕಸಾಲ್ಯಾನ ಅಂಗಡ್ಯಾಗ ಕುಂತೇನ್ರಿ. ನಿಶ್ಚೇದಾಗ ಹಿರೀ ಸೊಸಿಗೆ ಒಂದು ಬೆಳ್ಳಿ ಕುಂಕುಮದ ಬಟ್ಟಲಾ ಕೊಡೂದು ನಮ್ಮ ಪದ್ಧತಿ. ಹೆಸರು ಹಾಕಿಸಿಬಿಡ್ತೇನಿ. ಸುನಂದಾ ಅಂತಽ ಹಾಕಸೂದಲ್ಲ?”

ಚನ್ನವ್ವ ಮೊರದ ಆಚೆಯಿಂದ ತುಟಿಯಲ್ಲೇ ‘ಹೂಂ ಅನ್ನು’ ಎಂದಳು. ಕೈಯಿಂದಲೂ ಸನ್ನೆ ಮಾಡಿದಳು.

“ಕೇಳಸಾಕತ್ತೈತೇನ್ರಿ? ಅಂವ ಮಿಷನ್ ಹಿಡಕೊಂಡು ಕುಂತಾನ.”

“ಹಂಗ ಹಾಕಸಬ್ಯಾಡ್ರಿ,” ಎಂದಳು ವಿಜಯಲಕ್ಷ್ಮಿ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿತು. “ನನ್ನ ಹೆಸರು ವಿಜಯಲಕ್ಷ್ಮಿ. ಸುನಂದಾ ಅಂದ್ರ ನಮ್ಮ ಮನಿಯವರ ಮೊದಲನೇ ಹೇಣ್ತಿ. ತೀರಿಕೊಂಡು ಐದು ವರ್ಷಾತು. ನೀಲಾ ಅಕೀ ಮಗಳು, ನನ್ನ ಮಗಳಲ್ಲ.”

ರೇವವ್ವ, “ಆತು ತಗೋರಿ,” ಎಂದು ಫೋನಿಟ್ಟಳು.

ಚನ್ನವ್ವ ಮೊರ ಎತ್ತಿ ನೆಲಕ್ಕೆ ಒಗೆದಳು. ಕಡಲೆಬೇಳೆ ಪಡಸಾಲೆಯ ತುಂಬ ಹಾರಿತು.

“ಒಂದು ಹೆಸರು ಹೇಳಿ ನನ್ನ ಮಗನ ಬಾಳೇವು ಹಾಳು ಮಾಡಿದೆಲ್ಲೆ!”

“ನನ್ನ ಹೆಸರು ಹೇಳೇನ್ರಿ ಅತ್ತಿ. ಮಂದೀದಲ್ಲ.”

“ಉಟ್ಟ ಸೀರಿ ಮ್ಯಾಲ ತಂದ್ನೆಲ್ಲ ನಿನ್ನ! ಒಂದು ಚಮಚಾ ತರದಾಕಿ, ನಾಲಿಗಿ ಮಾತ್ರ ತಂದಿ!”

ಮೂರನೆಯ ದಿನ ಬಸವಂತರಾಯ ಬಂದು, ಚಪ್ಪಲಿ ಕಳೆಯದೆ ಅಂಗಳದಲ್ಲೇ ನಿಂತು, ಸಿಂದಗಿಯವರು ಒಲ್ಲೆ ಎಂದರೆಂದು ಹೇಳಿದ. ಚಹಾ ಕುಡಿಯಲಿಲ್ಲ. ಅನಿಲ ಎರಡು ದಿನ ಅಂಗಡಿಯಲ್ಲೇ ಉಳಿದ. ಮನೆಗೆ ಬಂದ ಮೇಲೂ ವೈನಿ ಎಂದು ಕರೆಯಲಿಲ್ಲ. ಬೇಕಾದದ್ದನ್ನು ಎದ್ದು ತೆಗೆದುಕೊಳ್ಳುತ್ತಿದ್ದ. ಗುಲಾಬಿಯ ತಾಟುಗಳನ್ನು ಚನ್ನವ್ವ ತಾನೇ ಹುಲ್ಲು ಸುತ್ತಿ, ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿಸಿದಳು. “ಇನ್ನ ಯಾರ ಮುಂದ ಇಡೂದೈತಿ,” ಎಂದಳು.

ಸಂಜೀವಕುಮಾರ ಮುಖ ನೋಡದೆ ಹೇಳಿದ, “ನಾಕು ದಿನ ಮಸೂತಿಗೆ ಹೋಗಿ ಬಾ. ಯವ್ವನ ಸಿಟ್ಟು ಇಳೀಲಿ.”

ಅವಳು ಅಪ್ಪನಿಗೆ ಫೋನು ಮಾಡಿದಳು. ಅಪ್ಪ ಎಲ್ಲ ಕೇಳಿಸಿಕೊಂಡ. ಬಹಳ ಹೊತ್ತು ಕೆಮ್ಮಿದ.

“ಬಾ ಅನ್ನಬೇಕು ನಾ. ಆದ್ರ ನಾಕು ದಿನ ಅಂತ ಬಂದವರು ನಾಕು ದಿನಕ್ಕ ಹೊಳ್ಳಿ ಹೋಗೂದಿಲ್ಲವ್ವಾ, ನಾ ಕಂಡೇನಿ. ಭಾಂಡೆ ಸೈತ ಬ್ಯಾಡ ಅಂದವರು ಅವರು. ಹೊಂದ್ಕೊಂಡು ಹೋಗು.”

ಅವಳು ಚೀಲ ಕಟ್ಟಲಿಲ್ಲ. ನೀಲಿ ಗೆರೆಯ ತಾಟನ್ನು ಗಂಟಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟಳು. ಅದರಲ್ಲೇ ಉಂಡಳು. ಚನ್ನವ್ವ ನೋಡಿದಳು. ಅವಳು ಸೊಸೆಯ ಸಂಗಡ ಮಾತು ಬಿಟ್ಟಿದ್ದಳು. ‘ಉಪ್ಪು ಜಾಸ್ತಿ ಐತಿ ಅಂತ ಹೇಳು’, ‘ನೀರು ತಾ ಅಂತ ಹೇಳು’, ಎಲ್ಲವೂ ನೀಲಾಳ ಮೂಲಕ ಬರುತ್ತಿತ್ತು.

ಒಂದು ದಿನ ಹಾಗೆ ಸುದ್ದಿ ಹೇಳಲು ಬಂದ ನೀಲಾ ಅಲ್ಲೇ ನಿಂತಳು.

“ಫೋನಿನ್ಯಾಗ ಅವರಿಗೆ ನಿನ್ನ ಹೆಸರು ಹೇಳಿದೆಂತಲ್ಲ?”

“ಹೂಂ.”

“ನಮ್ಮವ್ವಂದೂ ಹೇಳಿದಿ? ಸತ್ತಾಳಂತ?”

“ಹೇಳಿದೆ.”

“ಛೊಲೋ ಮಾಡಿದಿ,” ಎಂದಳು ನೀಲಾ. ಆ ಮನೆಯಲ್ಲಿ ಹಾಗೆ ಅಂದವಳು ಅವಳೊಬ್ಬಳೇ. ಅಂದು, ಆಡಲು ಹೊರಗೆ ಓಡಿದಳು.

ಯುಗಾದಿ ಕಳೆದು ಎರಡು ವಾರದ ಮೇಲೆ, ಸಂಜೆ ರೊಟ್ಟಿಯ ಹೊತ್ತಿಗೆ ಫೋನು ಬಂತು. ಸಿಂದಗಿಯ ನಂಬರು. ವಿಜಯಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡು ಹಿತ್ತಲಿಗೆ ಬಂದಳು.

“ನಾ ರೇವವ್ವರಿ. ಮಾತಾಡಬಹುದೇನು?”

“ಮಾತಾಡ್ರಿ.”

“ನಿಮಗೊಂದು ಮಾತು ಹೇಳದಽ ಇದ್ರ ನನಗ ಅನ್ನ ಇಳೀವಲ್ದು. ನಮಗ ಮೊದಲಽ ಗೊತ್ತಿತ್ರಿ. ಹುಡುಗಿ ಕೊಡೋರು ವಿಚಾರ ಮಾಡದಽ ಬರ್ತೀವೇನು? ನಾಲತವಾಡದಾಗ ನಮ್ಮ ಬಳಗ ಐತಿ. ಮೊದಲಿನಾಕಿ ಸತ್ತದ್ದು ಯಾರ ತಪ್ಪೂ ಅಲ್ಲ, ಬ್ಯಾನಿಗೆ ಯಾರೇನು ಮಾಡೂದು? ಅವತ್ತ ಅಡಿಗಿಮನ್ಯಾಗ ನಾ ಬೇಕಂತಽ ಕೇಳಿದೆ. ನಿಮ್ಮತ್ತಿ ಸುಳ್ಳು ಹೇಳಿದ್ರು. ಅದೂ ಇರಲಿ, ಮಗನ ಮ್ಯಾಲಿನ ಆಸೆ. ಆದ್ರ ನೀವು ಸುಮ್ನ ನಿಂತ್ರಿ. ಇಪ್ಪತ್ತು ದಿನ ನಾ ಸುನಂದಾ ಅಂದೆ, ನೀವು ಓ ಅಂದ್ರಿ.”

ವಿಜಯಲಕ್ಷ್ಮಿಯ ಕೈಯ ಹಿಟ್ಟು ಒಣಗಿ ಬೆರಳ ಚರ್ಮ ಹಿಡಿಯತೊಡಗಿತ್ತು.

“ನಮ್ಮ ಹುಡುಗಿ ತಾಯಿ ಅಂದ್ಲು, ಒಬ್ಬ ಸೊಸಿಗೆ ತನ್ನ ಹೆಸರು ಹೇಳಾಕ ಬಾಯಿ ಇಲ್ಲದ ಮನಿಗೆ ಇನ್ನೊಬ್ಬ ಸೊಸೀನ ಹೆಂಗ ಕೊಡೂದು ಅಂತ. ಅದಕಽ ಒಲ್ಲೆ ಅಂದ್ವಿ.”

“ಆಮ್ಯಾಲ ಹೇಳಿದ್ನೆಲ್ರಿ ನಾ.”

“ಹೇಳಿದ್ರಿ. ಹೇಳಿದ ಮ್ಯಾಲ ಅಲ್ಲಿ ನಿಮಗ ಏನೇನಾಗಿರತೈತಿ ಅಂತ ನನಗ ಗೊತ್ತೈತಿ. ನಾನೂ ಮಂದಿ ಮನಿ ಸೊಸೀನಽ.” ರೇವವ್ವ ಉಸಿರು ಬಿಟ್ಟಳು. “ನಮ್ಮ ಹುಡುಗಿ ಇನ್ನೂ ಕೊಟ್ಟಿದ್ದಿಲ್ಲ, ಉಳಿಸ್ಕೊಂಡ್ವಿ. ನಿಮ್ಮನ್ನ ಆಗಲೇ ಕೊಟ್ಟಾಗೈತಿ. ನಾ ಏನ ಮಾಡಲ್ರಿ? ಹುಷಾರಿರ್ರಿ, ವಿಜಯಲಕ್ಷ್ಮಿ.”

ಫೋನು ನಿಂತಿತು. ಹಿತ್ತಲಲ್ಲಿ ಎಮ್ಮೆ ಸರಪಣಿ ಎಳೆಯಿತು. ಒಳಗೆ ಒಲೆಯ ಮೇಲಿನ ಹಂಚು ಕಾದು ಹೊಗೆಯಾಡುವ ವಾಸನೆ ಬಂತು. ಅವಳು ಒಳಗೆ ಬಂದಳು.

ಇಪ್ಪತ್ತು ದಿನಕ್ಕೂ ಹೆಚ್ಚು ಮಾತು ಬಿಟ್ಟಿದ್ದ ಚನ್ನವ್ವ ತಡೆಯಲಾರದೆ ಕೇಳಿದಳು, “ಯಾರದದು ಫೋನು?”

“ನನಗ ಬಂದಿತ್ತು.”

“ನಿನಗ್ಯಾರು ಮಾಡ್ತಾರ?”

ವಿಜಯಲಕ್ಷ್ಮಿ ಹಂಚಿಗೆ ನೀರು ಚಿಮುಕಿಸಿದಳು. ಅದು ಚುರ್ ಎಂದು ಆರಿತು. ಪರಾತದಿಂದ ಒಂದು ಉಂಡೆ ಹಿಟ್ಟು ಕಿತ್ತು, ಮರದ ಕೊಣಮಿಗೆಯಲ್ಲಿ ಇಟ್ಟು, ಬಡಿಯತೊಡಗಿದಳು. ಇನ್ನೂ ಹನ್ನೊಂದು ರೊಟ್ಟಿ ಆಗಬೇಕಿತ್ತು.